ಗಲೀಜಿನ ಮೇಲೊಂದು ಕುರ್ಚಿ

ಅತುಲ್ ಗವಾಂಡೆಯವರ 'ಬೀಯಿಂಗ್ ಮಾರ್ಟಲ್' (2014) ಓದಿದವರನ್ನ ಏನು ನೆನಪಿದೆ ಅಂತ ಕೇಳಿ ನೋಡಿ, ಹೆಚ್ಚಿನವರು ಹೇಳೋದು ನೂರು ಹಕ್ಕಿಗಳ ಕಥೆಯನ್ನೇ. ಟೀಮ್ ಮೀಟಿಂಗಲ್ಲಿ 'ನಾಯಕತ್ವ ಅಂದ್ರೆ ಹೀಗಿರಬೇಕು' ಅಂತ ನಾನೂ ಅದನ್ನ ಎರಡು ಸಲ ಹೇಳಿದ್ದೀನಿ. ಮೂರನೇ ಸಲ ಹೇಳೋ ಮುಂಚೆ ಆ ಅಧ್ಯಾಯ ಮತ್ತೆ ಓದಿದೆ. ಇಷ್ಟು ದಿನ ಕಥೆಯನ್ನ ತಪ್ಪು ಕಡೆಯಿಂದ ಹೇಳ್ತಿದ್ದೆ ಅನ್ನಿಸ್ತು. ಸ್ವಲ್ಪ ಮಟ್ಟಿಗೆ ಗವಾಂಡೆಯವರೂ ಹಾಗೇ ಹೇಳಿದ್ದಾರೆ.

ಕಥೆ ಇಷ್ಟು. ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಅನ್ನೋ ಪುಟ್ಟ ಊರಲ್ಲಿ ಚೇಸ್ ಮೆಮೋರಿಯಲ್ ಅಂತ ಒಂದು ನರ್ಸಿಂಗ್ ಹೋಂ. (ನಮ್ಮಲ್ಲಿ ನರ್ಸಿಂಗ್ ಹೋಂ ಅಂದ್ರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಹೋಗಿ ನಾಲ್ಕು ದಿನಕ್ಕೆ ವಾಪಸ್ ಬರೋ ಜಾಗ. ಅಲ್ಲಿ ಹಾಗಲ್ಲ, ವಯಸ್ಸಾಗಿ ಕೈಲಾಗದವರಲ್ಲಿ ಬಹಳ ಜನ ಕೊನೇವರೆಗೂ ಅಲ್ಲೇ ಇರ್ತಾರೆ.) 1991ರಲ್ಲಿ ಬಿಲ್ ಥಾಮಸ್ ಅನ್ನೋ 31 ವರ್ಷದ ಡಾಕ್ಟರ್ ಅಲ್ಲಿನ ವೈದ್ಯಕೀಯ ಮುಖ್ಯಸ್ಥ. ಸುಮಾರು 80 ಜನ ವೃದ್ಧರು. ಅವರನ್ನ ನೋಡ್ತಾ ನೋಡ್ತಾ ಆತನಿಗೆ ಅನ್ನಿಸಿದ್ದು, ಇವರನ್ನ ಕಾಡ್ತಿರೋದು ಕಾಯಿಲೆಗಿಂತ ಹೆಚ್ಚಾಗಿ ಮೂರು ಪಿಡುಗುಗಳು: ಬೇಸರ, ಒಂಟಿತನ, ಅಸಹಾಯಕತೆ. ಮದ್ದಾಗಿ ಆತ ಕೇಳಿದ್ದು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿ. ನಿಯಮದ ಪ್ರಕಾರ ಒಂದೋ ಒಂದು ನಾಯಿ, ಇಲ್ಲಾಂದ್ರೆ ಒಂದು ಬೆಕ್ಕು. ಆತ ಸರ್ಕಾರದ ಜತೆ ವಾದ ಮಾಡಿ ಒಪ್ಪಿಗೆ ತಗೊಂಡ. ಪಂಜರ ಬರೋಕೆ ಮುಂಚೆನೇ ಹಕ್ಕಿಗಳು ಬಂದುಬಿಟ್ವು. ತಂದವನು ಎಲ್ಲವನ್ನೂ ಕೆಳಗಿನ ಬ್ಯೂಟಿ ಪಾರ್ಲರಿಗೆ ಬಿಟ್ಟು ಬಾಗಿಲು ಹಾಕ್ಕೊಂಡು ಹೋದ. ಆಮೇಲೆ ಬಂದ ಪಂಜರಗಳನ್ನೂ ಇವರೇ ಕೂತು ಜೋಡಿಸಬೇಕಾಯ್ತು. ವರ್ಷಗಟ್ಟಲೆ ನಗದ ಅಜ್ಜ ಅಜ್ಜಿಯರು ಗಾಜಿನಾಚೆ ನಿಂತು ನಕ್ಕಿದ್ದೇ ನಕ್ಕಿದ್ದು.

ಎಷ್ಟು ಚೆನ್ನಾಗಿದೆ ನೋಡಿ. ಒಬ್ಬ ಹುಂಬ ಧೈರ್ಯದ ಹೀರೋ, ಅಡ್ಡ ಬರೋ ನಿಯಮಗಳು, ಕೊನೆಗೆ ಗೆಲುವು. ಸ್ಲೈಡಿಗೆ ಹೇಳಿ ಮಾಡಿಸಿದ ಹಾಗಿದೆ. ಅಡಿಯಲ್ಲಿ ಹಾಕೋಕೆ ಅಂಕಿಗಳೂ ಇವೆ: ಹತ್ತಿರದ ಇನ್ನೊಂದು ಹೋಮಿಗೆ ಹೋಲಿಸಿದ್ರೆ ಔಷಧಿ ಬಳಕೆ ಅರ್ಧ, ಔಷಧಿ ಖರ್ಚು ಶೇ. 38 ಮಾತ್ರ, ಸಾವು ಶೇ. 15ರಷ್ಟು ಕಮ್ಮಿ. ಆದ್ರೆ ಹೋಲಿಸಿದ್ದು ಒಂದೇ ಒಂದು ಹೋಮಿನ ಜತೆ. ನಾವು ಎ/ಬಿ ಟೆಸ್ಟಲ್ಲಿ ಇಷ್ಟಕ್ಕೆಲ್ಲ ಒಪ್ತೀವಾ? ಥಾಮಸ್ ಶುರುಮಾಡಿದ ಈ 'ಈಡನ್' ವಿಧಾನವನ್ನ ಆಮೇಲೆ ಬೇರೆಡೆ ಪರೀಕ್ಷಿಸಿದಾಗ ಸಿಕ್ಕಿದ್ದು ಮಿಶ್ರ ಫಲಿತಾಂಶ. ಗವಾಂಡೆ ನೆನಪಿಸುವ ಇನ್ನೊಂದು ಪ್ರಯೋಗ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅವರದು. 1976ರಲ್ಲಿ ಪ್ರಕಟವಾಯ್ತು. ವೃದ್ಧರಿಗೆ ಒಂದೊಂದು ಗಿಡ ಕೊಟ್ಟು, ಒಂದು ಗುಂಪಿಗೆ ನೀವೇ ನೀರು ಹಾಕಿ ಅಂದ್ರು, ಇನ್ನೊಂದು ಗುಂಪಿನ ಗಿಡ ನರ್ಸ್ ನೋಡ್ಕೊಂಡ್ರು. ನೀರು ಹಾಕಿದವರು ಹೆಚ್ಚು ಬದುಕಿದ್ರು ಅನ್ನೋ ಮಾತು ತುಂಬಾ ಪ್ರಸಿದ್ಧ. ಆದ್ರೆ ಸಾವಿನ ಆ ಲೆಕ್ಕಕ್ಕೆ ಲೇಖಕಿಯರೇ ಆಮೇಲೆ ತಿದ್ದುಪಡಿ ಪ್ರಕಟಿಸಿದರು, ವ್ಯತ್ಯಾಸ ಮೊದಲು ಹೇಳಿದಷ್ಟು ಗಟ್ಟಿ ಇರಲಿಲ್ಲ. ಗವಾಂಡೆಯಂಥ ಎಚ್ಚರದ ಬರಹಗಾರ ಇಲ್ಲಿ ಸ್ವಲ್ಪ ಸಲೀಸಾಗಿ ದಾಟಿಬಿಟ್ರು.

ಇರ್ಲಿ. ನನ್ನ ತಕರಾರು ಲೆಕ್ಕದ್ದಲ್ಲ. ಅದೇ ಅಧ್ಯಾಯದಲ್ಲಿ ಅರ್ಧ ಪುಟವೂ ಇಲ್ಲದ ಒಂದು ಘಟನೆ ಬರುತ್ತೆ. ನಾಯಿ ನೆಲದ ಮೇಲೆ ಗಲೀಜು ಮಾಡಿದೆ. ನರ್ಸಿಗೆ ಅದು ತನ್ನ ಕೆಲಸ ಅಲ್ಲ, ತಾನು ಓದಿದ್ದು ಇದಕ್ಕಲ್ಲ ಅನ್ನೋ ಸಿಟ್ಟು. ಬಂದು ಒರೆಸೋಕೆ ಥಾಮಸ್ ಒಪ್ಪಲ್ಲ. ಮಾರನೇ ದಿನ ಬಂದು ನೋಡಿದ್ರೆ, ಯಾರೂ ತುಳೀಬಾರದು ಅಂತ ಅದರ ಮೇಲೊಂದು ಕುರ್ಚಿ ಇಟ್ಟು ಆಕೆ ಹೋಗಿದ್ದಾರೆ.

ಓದಿ ನಕ್ಕೆ. ಆಮೇಲೆ ನಗು ನಿಂತಿತು. ಈ ಕುರ್ಚಿಯನ್ನ ನಾನು ದಿನಾ ನೋಡ್ತೀನಲ್ಲ! ಟಿಕೆಟ್ ಇನ್ನೊಂದು ಟೀಮಿಗೆ ತಳ್ಳೋದು, ಮೇಲ್ ಫಾರ್ವರ್ಡ್ ಮಾಡಿ ಕೈ ತೊಳ್ಕೊಳ್ಳೋದು, ಎಲ್ಲ ಅದೇ ಕುರ್ಚಿ.

ಹಾರ್ವರ್ಡ್‌ನ ಕೆನಡಿ ಸ್ಕೂಲಿನ ರೊನಾಲ್ಡ್ ಹೈಫೆಟ್ಜ್ 1994ರ ತಮ್ಮ 'ಲೀಡರ್‌ಶಿಪ್ ವಿದೌಟ್ ಈಸಿ ಆನ್ಸರ್ಸ್'ನಲ್ಲಿ ಸಮಸ್ಯೆಗಳನ್ನ ಎರಡಾಗಿ ಬಿಡಿಸ್ತಾರೆ. ಒಂದು, ಬಲ್ಲವರನ್ನ ಕರೆದ್ರೆ ಮುಗಿಯುವಂಥದ್ದು. ಇನ್ನೊಂದು, ಸಮಸ್ಯೆಯೊಳಗೆ ಇರೋರೇ ತಮ್ಮ ಅಭ್ಯಾಸ, ನಂಬಿಕೆ, ಸ್ಥಾನಮಾನ ಬದಲಿಸಿಕೊಳ್ಳದೆ ಮುಗಿಯದ್ದು. ವೃದ್ಧರ ಆರೈಕೆಯಲ್ಲಿ ಎರಡೂ ಒಂದೇ ಹಾಸಿಗೆಯಲ್ಲಿ ಮಲಗಿರುತ್ತೆ. ಹಾಸಿಗೆ ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಿಸೋದು ಮೊದಲನೇ ಥರದ್ದು. ಚಾರ್ಟ್ ಬರೆದು ಪಾಲಿಸಬಹುದು. ಅದೇ ಅಜ್ಜಿ ನಾನೇ ಎದ್ದು ನಡೀತೀನಿ ಅಂದಾಗ? ಬಿದ್ರೆ ಸೊಂಟದ ಮೂಳೆ, ಬಿಡದಿದ್ರೆ ಇನ್ನೇನೋ ಮುರಿಯುತ್ತೆ. ಅದಕ್ಕೆ ಯಾವ ಚಾರ್ಟೂ ಇಲ್ಲ.

ಹೈಫೆಟ್ಜ್ ಕಣ್ಣಿಂದ ನೋಡಿದ್ರೆ ಥಾಮಸ್ ಮಾಡಿದ ದೊಡ್ಡ ಕೆಲಸ ಹಕ್ಕಿ ತಂದಿದ್ದಲ್ಲ, ಬಂದು ಒರೆಸದೇ ಇದ್ದದ್ದು. ಒರೆಸಿದ್ದರೆ ನಾಯಿ ಡಾಕ್ಟರದ್ದಾಗಿಯೇ ಉಳೀತಿತ್ತು. ಆದ್ರೆ ಇಲ್ಲೇ ಹೈಫೆಟ್ಜ್ ಮಾತಿಗೂ ಒಂದು ಪ್ರಶ್ನೆ ಹಾಕಬೇಕು. ಕೆಲಸವನ್ನ ಜನರಿಗೇ ವಾಪಸ್ ಕೊಡಿ ಅನ್ನೋದು ಕೇಳೋಕೆ ಚೆಂದ. ಯಾವ ಜನರಿಗೆ? ಡಾಕ್ಟರ್ ನರ್ಸಿಗೆ ಬಿಟ್ರೆ, ನರ್ಸ್ ಆಯಾಗೆ ಬಿಡ್ತಾರೆ. ಅತಿ ಕಮ್ಮಿ ಸಂಬಳದವರ ಹತ್ತಿರ ಬಂದು ಅದು ನಿಲ್ಲುತ್ತೆ. ಅಧಿಕಾರ ಕೊಡದೆ ಬರೀ ಜವಾಬ್ದಾರಿ ಕೊಟ್ರೆ ಅದನ್ನ ನಾಯಕತ್ವ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಇದು ಥಾಮಸ್‌ಗೆ ಗೊತ್ತಾಗಿರಬೇಕು. 2003ರಲ್ಲಿ ಮಿಸಿಸಿಪಿಯ ಟುಪೆಲೊದಲ್ಲಿ ಅವರ 'ಗ್ರೀನ್ ಹೌಸ್'ಗಳು ಶುರುವಾದವು. ಹತ್ತು ಹನ್ನೆರಡು ಜನರ ಪುಟ್ಟ ಮನೆ. ಅಡುಗೆ, ಶುಚಿ, ಆರೈಕೆ ಎಲ್ಲ ಒಂದೇ ತಂಡದ ಕೈಯಲ್ಲಿ. ಆ ತಂಡದವರಿಗೆ ಆಯಾ ಅನ್ನೋ ಹೆಸರಿಲ್ಲ, 'ಶಾಬಾಜ್' ಅಂತಾರೆ, ರಾಜರ ಗಿಡುಗದ ಹೆಸರು. ದಿನ ಹೇಗೆ ನಡೀಬೇಕು ಅನ್ನೋದನ್ನ ಬಹುಮಟ್ಟಿಗೆ ಅವರೇ ತೀರ್ಮಾನಿಸ್ತಾರೆ. ಅಲ್ಲಿ ಗಲೀಜಿನ ಮೇಲೆ ಕುರ್ಚಿ ಇಟ್ಟು ಯಾರ ಕಡೆಗೆ ಬೆರಳು ತೋರಿಸೋದು? ಗವಾಂಡೆ ಗ್ರೀನ್ ಹೌಸ್ ಬಗ್ಗೆ ಬರೆಯೋದು ಮೆಚ್ಚುಗೆಯಿಂದಲೇ, ಆದ್ರೆ ನಮ್ಮ ನೆನಪಲ್ಲಿ ಉಳಿಯೋದು ಹಕ್ಕಿ. ಹಕ್ಕಿ ಕೊಳ್ಳೋದು ಸುಲಭ, ಅಧಿಕಾರ ಬಿಟ್ಟುಕೊಡೋದು ಕಷ್ಟ.

ಇನ್ನು ದುಡ್ಡು ಕಟ್ಟೋ ನಾವು. ನಮಗೆ ನಮ್ಮ ಸ್ವಾತಂತ್ರ್ಯ ಬೇಕು, ಅಪ್ಪ ಅಮ್ಮಂದಿರಿಗೆ ಮಾತ್ರ ಸುರಕ್ಷತೆ ಬೇಕು ಅನ್ನೋ ವಿಚಾರ ಪುಸ್ತಕದ ಹಿಂದಿನ ಅಧ್ಯಾಯದಲ್ಲಿ ಬರುತ್ತೆ. ಥಾಮಸ್ ಕಥೆಗೆ ಬರೋ ಹೊತ್ತಿಗೆ ಮಕ್ಕಳು ಹೆಚ್ಚುಕಮ್ಮಿ ಕಾಣೆ. ಅಲ್ಲಿರೋ ಎದುರಾಳಿಗಳು ನಿಯಮ, ಸರ್ಕಾರ, ಸಿಬ್ಬಂದಿ. ನಮ್ಮನ್ನ ಇಷ್ಟು ಸುಲಭವಾಗಿ ಬಿಟ್ಟಿದ್ದು ಸರಿ ಅನ್ನಿಸಲ್ಲ.

ನಮ್ಮ ದೊಡ್ಡಮ್ಮ ಇರೋದು ಬೆಂಗಳೂರಿನ ಒಂದು ವೃದ್ಧಾಶ್ರಮದಲ್ಲಿ. ಅಲ್ಲಿನ ಮ್ಯಾನೇಜರ್ ಒಂದಿನ ನಾಲ್ಕು ಜನ ಹೆಂಗಸರನ್ನ ಅಡುಗೆಮನೆಯಲ್ಲಿ ಕೂರಿಸಿ ಹುರುಳಿಕಾಯಿ ಹೆಚ್ಚೋಕೆ ಕೊಟ್ಟು, ಫೋಟೋವನ್ನ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ದೊಡ್ಡಮ್ಮ ಚಾಕು ಹಿಡಿದು ಯಾರನ್ನೋ ಬೈತಾ ಇದ್ದ ಹಾಗಿತ್ತು, ಹಳೇ ದೊಡ್ಡಮ್ಮನ ಥರಾನೇ. ಹತ್ತು ನಿಮಿಷದಲ್ಲಿ ಒಬ್ಬರು ಬರೆದ್ರು: 'ಇಷ್ಟು ದುಡ್ಡು ಕಟ್ಟೋದು ಅವರ ಕೈಲಿ ಕೆಲಸ ಮಾಡಿಸೋಕಾ? ಬೆರಳು ಕುಯ್ದುಕೊಂಡ್ರೆ ಯಾರು ಹೊಣೆ?' ಮಾರನೇ ದಿನದಿಂದ ಹುರುಳಿಕಾಯಿ ಇಲ್ಲ, ಟಿವಿ ಮುಂದೆ ಕೂತ ಫೋಟೋ ಬಂತು. ಆ ಮೆಸೇಜಿಗೆ ಬಿದ್ದ ಹೆಬ್ಬೆಟ್ಟುಗಳಲ್ಲಿ ನನ್ನದೂ ಒಂದಿತ್ತು.