ಪರದೆಯ ಮುಂದೆ ಕೂಡುವವರು ಯಾರು?

ಕಿರುಚಿತ್ರ, ಕಿರುಚಿತ್ರೋತ್ಸವ ಎಂಬ ಮಾತುಗಳು ಬೆಂಗಳೂರು ದಾಟಿ ನಮ್ಮ ಬಿಸಿಲು ಸೀಮೆಗೂ ಬಂದಿವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಯಾವ ಊರಿಗೆ ಹೋದರೂ ಕಾಲೇಜು ಕಟ್ಟೆಯ ಮೇಲೆ ನಾಕು ಹುಡುಗರು ಸಿನಿಮಾ ತೆಗೆಯುವ ಮಾತಾಡುತ್ತಿರುತ್ತಾರೆ. ಕ್ಯಾಮೆರಾ ಬಾಡಿಗೆ ತರಬೇಕಾಗಿಲ್ಲ, ಕಿಸೆದಾಗೇ ಅದ. ಒಂದು ಕಾಲಕ್ಕೆ ಅಕ್ಷರ ಕಲಿಯುವುದೇ ಅಪರಾಧವಾಗಿದ್ದ ಕೇರಿಯ ಮಕ್ಕಳ ಕೈಗೆ ಕ್ಯಾಮೆರಾ ಬಂದಿರುವುದು ಸಣ್ಣ ಸಂಗತಿಯಲ್ಲ. ಅದನ್ನು ಹುಡುಗಾಟ ಎಂದು ನಗುವವರ ಜೊತೆ ನಾವಿಲ್ಲ.

ಆದರೆ ಈ ಹುಡುಗರ ಜೊತೆ ನಮ್ಮದೊಂದು ಜಗಳ ಇದೆ. ಚಿತ್ರ ಮುಗಿಯಿತೋ ಇಲ್ಲವೋ ಅದು ಸ್ಪರ್ಧೆಗೆ ಹೋಗುತ್ತದೆ. ಶುಲ್ಕ ಕಟ್ಟಿ, ಕೆಳಗೆ ಇಂಗ್ಲಿಷ್ ಸಾಲು ಹಚ್ಚಿ, ದೂರದ ತೀರ್ಪುಗಾರರಿಗೆ ಕಳಿಸುತ್ತಾರೆ. ಯಾರ ಅಂಗಳದಲ್ಲಿ ಶೂಟಿಂಗ್ ನಡೆಯಿತೋ, ಯಾವ ಮುದುಕಿ ಎರಡು ದಿನ ಕೂಲಿ ಬಿಟ್ಟು ಕ್ಯಾಮೆರಾ ಮುಂದೆ ಕೂತಳೋ, ಆ ಮನೆಯವರು ಮಾತ್ರ ಚಿತ್ರ ನೋಡಿರುವುದಿಲ್ಲ. ಕೇಳಿದರೆ "ಲಿಂಕ್ ಕಳಿಸೀವ್ರಿ ಸರ್" ಅಂತಾರೆ. ಯಾರಿಗೆ ಕಳಿಸಿದಿ ತಮ್ಮಾ? ಆ ಮುದುಕಿಗೆ?

ಚಿತ್ರ ಯಾರ ಕುರಿತು ಎಂದು ಎಲ್ಲರೂ ಕೇಳುತ್ತಾರೆ. ಯಾರು ತೆಗೆದರು ಎಂದು ಈಚೆಗೆ ಕೇಳತೊಡಗಿದ್ದಾರೆ. ಪರದೆಯ ಮುಂದೆ ಯಾರು ಕೂಡುತ್ತಾರೆ ಎಂದು ಕೇಳುವವರು ಕಡಿಮೆ. ನಮ್ಮ ಮಟ್ಟಿಗೆ ಯಾವುದೇ ಚಿತ್ರೋತ್ಸವವನ್ನು ಅಳೆಯುವ ಮೊದಲ ಪ್ರಶ್ನೆ ಇದು.

ಪ್ರಶ್ನೆ ಹಳೆಯದೇ. ಮಲಯಾಳದ ಮೊದಲ ಚಿತ್ರ ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್'. ಮೂಕಿ ಚಿತ್ರ, 1928 ಎಂದು ಕೆಲವರು, 1930 ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಅದರ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ಪರದೆಯ ಮೇಲೆ ಆಕೆ ನಾಯರ್ ಹೆಣ್ಣಾಗಿದ್ದಳು, ಅದೇ ಆಕೆಯ ಅಪರಾಧವಾಯಿತು. ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಆಕೆ ಒಳಗಿದ್ದರೆ ತಾವು ಬರುವುದಿಲ್ಲ ಎಂದರಂತೆ ಮೇಲ್ಜಾತಿಯ ಗಣ್ಯರು. ತಾನೇ ನಟಿಸಿದ ಚಿತ್ರ ನೋಡಲು ಆಕೆಗೆ ಜಾಗವಿರಲಿಲ್ಲ. ಒಳಗೆ ಪರದೆಗೆ ಕಲ್ಲು ಬಿತ್ತು. ರೋಸಿ ಊರು ಬಿಟ್ಟು ತಮಿಳುನಾಡಿಗೆ ಹೋಗಿ, ತಾನು ಯಾರೆಂದು ಹೇಳಿಕೊಳ್ಳದೆ ಬಾಳಿದಳು. ಆ ಚಿತ್ರದ ಪ್ರತಿ ಇವತ್ತು ಉಳಿದಿಲ್ಲ. ಪಾ. ರಂಜಿತ್ ಅವರ ನೀಲಂ ಬಳಗ ಚೆನ್ನೈನಲ್ಲಿ ಏಪ್ರಿಲ್ ತಿಂಗಳ 'ವಾನಂ' ಕಲಾ ಉತ್ಸವದೊಳಗೆ ನಡೆಸುವ ಚಿತ್ರೋತ್ಸವಕ್ಕೆ ಪಿ.ಕೆ. ರೋಸಿಯ ಹೆಸರನ್ನೇ ಇಟ್ಟಿದೆ. ಬಾಗಿಲಲ್ಲಿ ತಡೆಯಲ್ಪಟ್ಟವಳ ಹೆಸರನ್ನು ಬಾಗಿಲಿಗೇ ಹಾಕಿದ್ದು ಬರಿ ಗೌರವಕ್ಕಲ್ಲ ಎಂದು ನಾವು ತಿಳಿಯುತ್ತೇವೆ.

ಕನ್ನಡದ ಲೆಕ್ಕವನ್ನೂ ನೋಡೋಣ. 1975ರಲ್ಲಿ 'ಚೋಮನ ದುಡಿ' ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಒಳ್ಳೆಯ ಚಿತ್ರ, ಅಲ್ಲಗಳೆಯುವ ಹಟ ನಮಗಿಲ್ಲ. ಆ ಕಣ್ಣು, ಆ ದುಡಿಯ ಸದ್ದು ಇವತ್ತಿಗೂ ಕಾಡುತ್ತವೆ. ಆದರೆ ಅದು ತುಂಡು ಭೂಮಿ ಸಿಗದವನ ನೋವನ್ನು ಭೂಮಿ ಇದ್ದವರಿಗೆ ಹೇಳಿದ ಚಿತ್ರ. ನೋಡುವವರ ಎದೆ ಕರಗಬೇಕು, ಅದು ಕೇಳುವುದು ಅಷ್ಟನ್ನೇ. ಚೋಮ ದುಡಿ ಬಾರಿಸುತ್ತ ಸಾಯುತ್ತಾನೆ, ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಅದೇ ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಭೂಮಿ ಕೇಳುತ್ತ ಬೀದಿಗೆ ಬಂದಿತ್ತು. ಹಂಗ ಬೀದಿಗೆ ಬಂದ ಚೋಮಂದಿರು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರೆಂದು ಗೊತ್ತಿದ್ದರೆ ಚಿತ್ರದ ಕೊನೆ ಹಾಗೇ ಇರುತ್ತಿತ್ತೇ?

ಬೇರೆ ದಾರಿ ಉಂಟೋ ಎಂದು ಕೇಳುವವರಿಗೆ ಉತ್ತರ ನಮ್ಮ ರೈಲು ಹಳಿಯ ಮೇಲೇ ಅದ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ ಕಡೆಯ ಗಾಡಿ ಹತ್ತಿ ಶಹಾಬಾದ, ಕಲಬುರಗಿ, ಸೊಲ್ಲಾಪುರ, ಕುರ್ಡುವಾಡಿ ದಾಟಿದರೆ ಜೇಊರ ಎಂಬ ಸ್ಟೇಷನ್ ಬರುತ್ತದೆ. ನಾಗರಾಜ ಮಂಜುಳೆ ಆ ಊರಿನವರು, ವಡ್ಡರ ಮನೆತನದವರು. ಅಹಮದನಗರದಲ್ಲಿ ಓದುವಾಗ 2009ರಲ್ಲಿ ಅವರು ತೆಗೆದ 'ಪಿಸ್ತುಲ್ಯಾ' ಕಾಲು ಗಂಟೆಯ ಕಿರುಚಿತ್ರ. ಶಾಲೆಯ ಆಸೆ ಹೊತ್ತ ಬಡ ಹುಡುಗನ ಕತೆ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು ಅನ್ನಿ. ಅದಕ್ಕಿಂತ ಮುಖ್ಯ, ನಾಕು ವರ್ಷದ ಮೇಲೆ 2013ರಲ್ಲಿ ಬಂದ 'ಫಂಡ್ರಿ'ಗೆ ಅದು ಅಡಿಗಲ್ಲಾಯಿತು.

'ಫಂಡ್ರಿ' ಅಂದರೆ ಕೈಕಾಡಿ ಮಾತಿನಲ್ಲಿ ಹಂದಿ. ಊರಿಗೆ ಮೈಲಿಗೆಯಾದ ಹಂದಿಗಳನ್ನು ಹಿಡಿಯುವುದು ಜಬ್ಯಾನ ಮನೆಯವರ ಪಾಲಿಗೆ ಬಂದ ಕೆಲಸ. ಹುಡುಗ ಶಾಲೆಗೆ ಹೋಗುತ್ತಾನೆ, ಮೇಲ್ಜಾತಿಯ ಹುಡುಗಿಯೊಬ್ಬಳ ಮೇಲೆ ಅವನಿಗೆ ಮನಸ್ಸು. ಆಕೆ ನೋಡುತ್ತಿರುವಾಗಲೇ ಅವನು ಹಂದಿಯ ಹಿಂದೆ ಓಡಬೇಕು. ಊರು ನಿಂತು ನಗುತ್ತದೆ. ಹಂದಿ ಕೈಗೆ ಸಿಗುವ ಹೊತ್ತಿಗೆ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ, ಹುಡುಗ ನಿಲ್ಲುತ್ತಾನೆ, ಅವನನ್ನು ನೋಡಿ ಮನೆಯವರೆಲ್ಲ ನಿಲ್ಲುತ್ತಾರೆ. ಕಡೆಗೆ ಕಟ್ಟಿದ ಹಂದಿಯನ್ನು ಹೊತ್ತು ಸಾಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ, ಸಾವಿತ್ರಿಬಾಯಿಯರ ಚಿತ್ರಗಳು. ಯಾರೂ ಭಾಷಣ ಮಾಡುವುದಿಲ್ಲ. ಕೊನೆಗೆ ಜಬ್ಯಾ ಕಲ್ಲು ಎತ್ತಿ ಬೀಸುತ್ತಾನೆ, ಅದು ನೇರ ಕ್ಯಾಮೆರಾಕ್ಕೆ, ಅಂದರೆ ನೋಡುವವರ ಮುಖಕ್ಕೆ ಬರುತ್ತದೆ. ಪಟ್ಟಣದ ಥಿಯೇಟರಿನಲ್ಲಿ ಕೂತವನಿಗೆ ಅದು ತನ್ನ ಹಣೆಗೆ ಬಿದ್ದ ಕಲ್ಲು. ಕೇರಿಯಲ್ಲಿ ಕೂತ ಹುಡುಗನಿಗೆ ಅದು ತನ್ನ ಕೈಯಿಂದ ಹೋದ ಕಲ್ಲು. ಚಿತ್ರ ಒಂದೇ, ಕೂತ ಜಾಗ ಬೇರೆ. ಮಂಜುಳೆ ಇಬ್ಬರನ್ನೂ ಎದುರಿಗಿಟ್ಟುಕೊಂಡು ಚಿತ್ರ ತೆಗೆದರು. (ಅವರದೇ 2016ರ 'ಸೈರಾಟ್' ಮರುವರ್ಷ ಕನ್ನಡಕ್ಕೆ 'ಮನಸು ಮಲ್ಲಿಗೆ' ಆಗಿ ಬಂತು. ಹೆಸರಿನಲ್ಲೇ ಹೂವು ಮುಡಿಸಿದರು. ಆ ಮಾತು ಇಲ್ಲಿ ಬ್ಯಾಡ.)

ಪಕ್ಕದ ಜಿಲ್ಲೆಗಳಲ್ಲೂ ಕೆಲಸ ನಡೆದಿದೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ಊರಿನ ಜನರಿಂದಲೇ ನಟನೆ ಮಾಡಿಸಿ 'ಶಿವಮ್ಮ' ತೆಗೆದರು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು. ಶಿವಮ್ಮ ಸರಕಾರಿ ಶಾಲೆಯ ಅಡುಗೆಯಾಕೆ. ಸಾಲದ ಮೇಲೆ ದುಡ್ಡು ಹಾಕಿ, ಚೈನ್ ವ್ಯಾಪಾರದ ಶಕ್ತಿ ಪುಡಿ ಮಾರಲು ಹೊರಡುತ್ತಾಳೆ. ಆಕೆ ಹಟಮಾರಿ, ಬಾಯಿ ಜೋರು, ಕಂಡವರನ್ನೆಲ್ಲ ಪುಸಲಾಯಿಸುತ್ತಾಳೆ. ಅಯ್ಯೋ ಪಾಪ ಎನ್ನಲು ಚಿತ್ರ ಎಲ್ಲಿಯೂ ಎಡೆ ಕೊಡುವುದಿಲ್ಲ. ಬಡವರಿಗೂ ಒಂದು ಸ್ವಭಾವ ಇರುತ್ತದೆ ಎಂದು ಒಪ್ಪಿಕೊಂಡ ಚಿತ್ರಗಳು ಕನ್ನಡದಲ್ಲಿ ಎಷ್ಟಿವೆ? ರಾಯಚೂರು ಕಡೆಯ ಉತ್ಸವ್ ಗೋನವಾರ ಅವರ 'ಫೋಟೋ' 2024ರ ಮಾರ್ಚಿನಲ್ಲಿ ತೆರೆಗೆ ಬಂತು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಎಂಬುದು ಹುಡುಗನ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಅಷ್ಟರಲ್ಲಿ 2020ರ ಲಾಕ್‌ಡೌನ್. ದಾರಿಯ ಸಂಕಟ ಅದರಲ್ಲಿ ಗಟ್ಟಿಯಾಗಿದೆ. ಊರು ಬಿಡಿಸಿದ ಕಾರಣ ಅಷ್ಟು ಗಟ್ಟಿಯಾಗಿಲ್ಲ ಎಂಬುದು ನಮ್ಮ ತಕರಾರು. ಆದರೂ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಚಿಂಚೋಳಿಯ ತಾಂಡಾಗಳಲ್ಲಿ ಈ ಚಿತ್ರ ಹಾಕಬೇಕು. ಆ ತಕರಾರನ್ನು ನಮಗಿಂತ ಚೆನ್ನಾಗಿ ಅವರು ಹೇಳಿಯಾರು.

ಇನ್ನು ನಮ್ಮ ಹುಡುಗರ ಚಿತ್ರಗಳು. ನಾಕು ನೋಡಿದವರಿಗೆ ಐದನೆಯದು ನೋಡದೇ ಗೊತ್ತಾಗುತ್ತದೆ. ಮೊದಲಿಗೆ ಡ್ರೋನ್ ಮೇಲಿಂದ ಕೇರಿಯನ್ನು ತೋರಿಸುತ್ತದೆ. ಹಿಂದೆ ಕೊಳಲು. ಕುಡುಕ ಅಪ್ಪ, ಅಳುವ ಅವ್ವ, ಶಾಲೆ ಬಿಟ್ಟ ಮಗಳು. ಕೊನೆಗೆ ಒಬ್ಬ ಒಳ್ಳೆಯ ಮಾಸ್ತರೋ ಸಾಹೇಬನೋ ಬಂದು ಆಕೆಯ ಕೈಗೆ ಪುಸ್ತಕ ಕೊಡುತ್ತಾನೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಉಪದೇಶ. ಮೇಲಿಂದ ನೋಡಿದರ ಕೇರಿ ಚಂದ ಕಾಣ್ತದ ತಮ್ಮಾ, ಖರೇ. ಆದರ ಮೇಲಿಂದ ನೋಡೋರು ನಮ್ಮನ್ನ ಸಾವಿರ ವರ್ಷದಿಂದ ನೋಡ್ಕೋತನೇ ಬಂದಾರ. ಆ ಅಪ್ಪ ಕುಡಿಯುತ್ತಾನೆ, ಸರಿ. ಹಗಲೆಲ್ಲ ಅವನು ಏನು ಮಾಡುತ್ತಾನೆ? ಅವನ ಕೂಲಿ ಎಷ್ಟು, ಕೊಡುವವನು ಯಾರು? ಹತ್ತು ನಿಮಿಷದ ಚಿತ್ರದಲ್ಲಿ ಅದಕ್ಕೆ ಅರ್ಧ ನಿಮಿಷವೂ ಇಲ್ಲ.

ಕತೆಗೆ ಇಲ್ಲಿ ಬರವೇ? ನಮ್ಮ ಕಾಲಡಿ ಇರುವುದು ಸುಣ್ಣಕಲ್ಲು. ಮೇಲಿನ ಪದರು ಫರಸಿಯಾಗಿ ಊರೂರಿನ ಮನೆಗಳ ನೆಲವಾಯಿತು. 'ಶಹಾಬಾದ ಕಲ್ಲು' ಎಂದರೆ ದೇಶಕ್ಕೆ ಗೊತ್ತು. ಉಳಿದದ್ದು ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸಿಮೆಂಟಾಯಿತು. ರಾಷ್ಟ್ರಕೂಟರ ರಾಜಧಾನಿ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ ಇದ್ದ ಮಳಖೇಡದ ಹೆಸರು ಇವತ್ತು ಸಿಮೆಂಟಿನ ಜೊತೆಗೇ ಬಾಯಿಗೆ ಬರುತ್ತದೆ. ಈ ಕಲ್ಲನ್ನು ಎಬ್ಬಿಸಿದ ಕೈ ಯಾವ ಜಾತಿಯದು, ಗುತ್ತಿಗೆ ಕೂಲಿಯವ ಗೇಟಿನ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾನೆ, ಬಿಟ್ಟುಹೋದ ಗಣಿಯ ಗುಂಡಿಯಲ್ಲಿ ನಿಂತ ನೀರನ್ನು ಯಾರು ತರುತ್ತಾರೆ, ಕ್ಯಾಮೆರಾ ಇದನ್ನೆಲ್ಲ ಸುಮ್ಮನೆ ನಿಂತು ನೋಡಿದರೆ ಸಾಕು. ಕೊಳಲು ಬೇಕಾಗಿಲ್ಲ.

ಇದೇ ಜಾತಿಯ ಕಲ್ಲಿನಲ್ಲಿ ಚಿತ್ತಾಪುರ ತಾಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ ಕಟ್ಟಿದ್ದರು. 1990ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂತು. ಚಪ್ಪಡಿಯ ಪಕ್ಕ ಚಪ್ಪಡಿ, ಒಂದೊಂದರಲ್ಲಿ ಒಂದೊಂದು ದೃಶ್ಯ, ಅದಕ್ಕೊಂದು ಸಾಲು ಬರಹ. ಒಂದರ ಮೇಲೆ 'ರಾಯೊ ಅಸೋಕೊ' ಎಂದಿದೆ. ಓದು ಬಾರದವನೂ ಸುತ್ತು ಹಾಕುತ್ತ ಕತೆ ನೋಡಿಕೊಂಡು ಹೋಗಬಹುದಿತ್ತು. ಸಿನಿಮಾ ನಮಗೆ ಹೊರಗಿನಿಂದ ಬಂದದ್ದು ಎಂದು ಹೆದರುವ ಹುಡುಗರು ಒಮ್ಮೆ ಅಲ್ಲಿಗೆ ಹೋಗಿಬರಲಿ.

ಭಾಷೆಯ ಮಾತನ್ನೂ ಹೇಳಿಬಿಡುತ್ತೇವೆ. ಶಹಾಬಾದ, ವಾಡಿಯ ಗಲ್ಲಿಗಳಲ್ಲಿ ದಖನಿ ಉರ್ದು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಗಡಿಗೆ ಹೋದಂತೆ ತೆಲುಗು. ಚಿತ್ರದಲ್ಲಿ ಮಾತ್ರ ಎಲ್ಲರೂ ಟಿವಿ ಧಾರಾವಾಹಿಯ ಕನ್ನಡ ಆಡುತ್ತಾರೆ. "ಅಮ್ಮಾ, ನಾನು ಶಾಲೆಗೆ ಹೋಗುತ್ತೇನೆ" ಎನ್ನುತ್ತದೆ ಮಗು. ಯಾವ ಕೇರಿಯ ಮಗು ಹಂಗ ಅಂತದ? ತೀರ್ಪುಗಾರರಿಗೆ ತಿಳಿಯಲಿ ಎಂದು ಮಾಡಿದ್ದು ಅದು. ಕೇರಿಯಲ್ಲಿ ಹಾಕಿದರೆ ಮೊದಲ ಮಾತಿಗೇ ಜನ ನಗುತ್ತಾರೆ, ಆ ನಗೆ ಯಾವ ತರಬೇತಿ ಶಿಬಿರಕ್ಕಿಂತ ಹೆಚ್ಚು ಕಲಿಸುತ್ತದೆ.

ಹಾಗಾದರೆ ಉತ್ಸವ ಹೇಗಿರಬೇಕು? 2025ರ ಜನವರಿ ಕೊನೆಯಿಂದ ಒಂಬತ್ತು ದಿನ ಸೇಡಂನಲ್ಲಿ ಭಾರತೀಯ ಸಂಸ್ಕೃತಿ ಉತ್ಸವ ನಡೆದದ್ದು ಗೊತ್ತಿದೆ. ಅಂಥ ದೊಡ್ಡ ಪೆಂಡಾಲಿನಲ್ಲಿ ಜನ ಬಂದು ಹೋಗುತ್ತಾರೆ, ಒಂದು ಚಿತ್ರದ ಮೇಲೆ ವಾದಕ್ಕೆ ಕೂಡುವುದಿಲ್ಲ. ನಮಗೆ ನೆನಪಾಗುವುದು ಬೇರೆ. 1979ರಲ್ಲಿ 'ಸಮುದಾಯ'ದವರು ರಾಜ್ಯದುದ್ದಕ್ಕೂ ಜಾಥಾ ಹೊರಟು, ಬಿಹಾರದ ದಲಿತರ ಕೊಲೆಯ ಮೇಲಿನ 'ಬೆಲ್ಚಿ' ನಾಟಕವನ್ನು ಬೀದಿಯಲ್ಲೇ ಆಡಿದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಊರೂರಿನಲ್ಲಿ ಚಿತ್ರ ತೋರಿಸಿ, ಜನರಿಂದಲೇ ಚಿಲ್ಲರೆ ಕೂಡಿಸಿ, 1986ರಲ್ಲಿ 'ಅಮ್ಮ ಅರಿಯಾನ್' ತೆಗೆಯಿತು. ಅವರು ಹೊತ್ತು ತಿರುಗಿದ್ದು ಭಾರದ ಪ್ರೊಜೆಕ್ಟರು, ರೀಲಿನ ಡಬ್ಬಿಗಳು. ಇವತ್ತು ಕೈಚೀಲದಲ್ಲಿ ಹಿಡಿಯುವ ಪ್ರೊಜೆಕ್ಟರ್ ಸಾಕು, ಒಂದು ಬಿಳಿ ಧೋತ್ರ ಸಾಕು. ಹಣ ಜನರಿಂದಲೇ ಏಕೆ? ಯಾವ ಕಾರ್ಖಾನೆಯ ಹೆಸರು ಬ್ಯಾನರಿನ ಮೇಲಿದೆಯೋ ಆ ಕಾರ್ಖಾನೆಯ ದೂಳು ಪರದೆಯ ಮೇಲೆ ಬರುವುದು ಕಷ್ಟ.

ತೀರ್ಪುಗಾರರು ಬೇಕೇ ಬೇಕು ಅನ್ನುವುದಾದರೆ ಒಬ್ಬ ಗಣಿ ಕೆಲಸದವ, ಒಬ್ಬ ಬಿಸಿಯೂಟದ ಅಡುಗೆಯಾಕೆ ಅಲ್ಲಿ ಕೂಡಲಿ. ಯಾರ ಮನೆಯಲ್ಲಿ ಚಿತ್ರ ತೆಗೆದರೋ ಅವರು ಮುಂದಿನ ಸಾಲಿನಲ್ಲಿರಲಿ. ಚಿತ್ರ ಮುಗಿದ ಮೇಲೆ ಮೊದಲ ಮಾತು ಅವರದು, ಅತಿಥಿಗಳದಲ್ಲ. "ನನ್ನ ಮನಿ ಇಷ್ಟು ಹೊಲಸ ಇಲ್ಲಪ್ಪಾ, ನೀ ಬರ್ತಿ ಅಂತ ಸಾರಿಸಿದ್ದೆ, ನೀ ಮೂಲಿ ಹಿಡದ್ಯಲ್ಲ" ಎಂದು ಒಬ್ಬ ಅವ್ವ ಅಂದರೆ ನಿರ್ದೇಶಕ ಎದ್ದು ನಿಂತು ಉತ್ತರ ಕೊಡಬೇಕು. ಉತ್ತರ ಇಲ್ಲದಿದ್ದರೆ ಆ ಚಿತ್ರ ಬೆಂಗಳೂರಿಗೆ ಹೋಗುವ ಮೊದಲು ಮತ್ತೆ ಎಡಿಟಿಂಗಿಗೆ ಹೋಗಬೇಕು.

ದಿನ ಗೊತ್ತು ಮಾಡುವಾಗಲೂ ಜನರ ಪಂಚಾಂಗ ನೋಡಬೇಕು. ತೊಗರಿ ರಾಶಿಯ ದಿನಗಳಲ್ಲಿ ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಉತ್ಸವ ಇಟ್ಟರೆ ಖಾಲಿ ಅಂಗಳಕ್ಕೆ ಚಿತ್ರ ತೋರಿಸಬೇಕಾಗುತ್ತದೆ. ಗುಳೆ ಹೋದ ತಾಂಡಾದವರು ಹೋಳಿಗೆ ಊರಿಗೆ ಬರುತ್ತಾರೆ, ಚಿಂಚೋಳಿಗೆ ಅದೇ ಹೊತ್ತು. ವಾಡಿ, ಶಹಾಬಾದಕ್ಕೆ ಏಪ್ರಿಲ್ 14ರ ಹಿಂದು ಮುಂದಿನ ವಾರ. ಬಿಸಿಲು ಇಳಿದು ರಾತ್ರಿ ಎಂಟೂವರೆಗೆ ಶುರುವಾಗಲಿ. ಅದಕ್ಕೂ ಮೊದಲು ಹೆಣ್ಣುಮಕ್ಕಳ ರೊಟ್ಟಿ ಬಡಿಯುವ ಕೆಲಸ ಮುಗಿದಿರುವುದಿಲ್ಲ.