ಪರಿವರ್ತನ ಕೋಷ್ಟಕಗಳ ಒಂದು ದೋಷ

ದೂರವಾಣಿಯ ಹಳೆಯ ವಾಹಿನಿಗಳ ವೇಗವನ್ನು ಆಪ್ಟಿಕಲ್ ಫೈಬರಿನ ವೇಗಕ್ಕೆ ಪರಿವರ್ತಿಸುವ ಕೋಷ್ಟಕಗಳು ಬರಿಯ ಭಾಗಾಕಾರದಿಂದಲೇ ತೃಪ್ತವಾಗುವುದನ್ನು ನಾವು ಒಪ್ಪಲಾರೆವು. ಅಮೆರಿಕದಲ್ಲಿ 1962ರಲ್ಲಿ ಬಳಕೆಗೆ ಬಂದ ಟಿ-1ರ ವೇಗ ಸೆಕೆಂಡಿಗೆ 1.544 ಮೆಗಾಬಿಟ್, ಯೂರೋಪಿನ ಇ-1ರದು 2.048. ಈ ಎರಡು ಸಂಪ್ರದಾಯಗಳಿಗೂ 1988ರ ಅಂತರರಾಷ್ಟ್ರೀಯ ಶಿಫಾರಸುಗಳು 155.52 ಮೆಗಾಬಿಟ್ಟಿನ ಎಸ್‌ಟಿಎಂ-1 ಎಂಬ ಒಂದೇ ಚೌಕಟ್ಟನ್ನು ಕಲ್ಪಿಸಿದುವು. ಭಾಗಿಸಿ ನೋಡಿದರೆ ಅದರಲ್ಲಿ 75 ಇ-1 ಅಥವಾ 100 ಟಿ-1 ಹಿಡಿಯಬೇಕು. ವಾಸ್ತವವಾಗಿ ಹಿಡಿಯುವುವು 63, ಇಲ್ಲವೆ 84. ಮೂರು ಇ-1ಕ್ಕಾಗಲಿ ನಾಲ್ಕು ಟಿ-1ಕ್ಕಾಗಲಿ ಒಪ್ಪುವಂತೆ ಒಂದೇ ಅಳತೆಯ 21 ಕೋಣೆಗಳನ್ನು ಅಲ್ಲಿ ಗೊತ್ತುಮಾಡಲಾಗಿದೆ. ರಾಜ್ಯಗಳ ಸಂಧಿಪತ್ರಗಳನ್ನೋದುವ ನಮಗೆ ಈ ರೀತಿ ಅಪರಿಚಿತವಲ್ಲ. ಉಳಿದ ಜಾಗವು ಮೇಲ್ವಿಚಾರಣೆಯ ಬಿಟ್ಟುಗಳಿಗೂ, ತಾಳೆಯಾಗದ ಗಡಿಯಾರಗಳನ್ನು ಹೊಂದಿಸುವುದಕ್ಕೂ ವ್ಯಯವಾಗುತ್ತದೆ. ಕೋಷ್ಟಕವನ್ನು ನಂಬಿ 75 ಇ-1ಗಳನ್ನು ನಿಯೋಜಿಸಿದವನಿಗೆ 12 ವಾಹಿನಿಗಳು ಕಡಮೆ ಬೀಳುತ್ತವೆ.