ಅಪೂರ್ಣ ಕೃತಿಯೂ ಅಚೌರ್ಯವ್ರತವೂ

ಗತಿಸಿದವರ ಕೃತಿಯನ್ನು ಪೂರ್ಣಗೊಳಿಸುವುದು ನಮಗೆ ಹೊಸತಲ್ಲ. ವೀರಸೇನಾಚಾರ್ಯರ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನರು ಕ್ರಿ.ಶ. 837ರಲ್ಲಿ ಮುಗಿಸಿದರು, ಜಿನಸೇನರು ಉಳಿಸಿಹೋದ ಮಹಾಪುರಾಣವನ್ನು ಗುಣಭದ್ರರು ಪೂರೈಸಿದರು. ಗುರುವಿನ ರಚನೆ ನಿಂತದ್ದೆಲ್ಲಿ, ತಮ್ಮದು ಮೊದಲಾದದ್ದೆಲ್ಲಿ ಎಂಬುದನ್ನು ಅವರು ಮರೆಮಾಚಲಿಲ್ಲ.

ಇಂಗ್ಲೆಂಡಿನ ಬೀಟಲ್ಸ್ ಗಾಯಕ ತಂಡದ ‘ನೌ ಅಂಡ್ ದೆನ್’ ಗೀತೆಯನ್ನು ಇದೇ ಒರೆಗಲ್ಲಿಗೆ ಹಚ್ಚಬಹುದು. 1980ರಲ್ಲಿ ಹತರಾದ ಜಾನ್ ಲೆನನ್ ಕ್ಯಾಸೆಟ್ಟಿನಲ್ಲಿ ಬಿಟ್ಟುಹೋದ ಹಾಡಿಗೆ, 2001ರಲ್ಲಿ ತೀರಿಕೊಂಡ ಜಾರ್ಜ್ ಹ್ಯಾರಿಸನ್ನರ 1995ರ ಗಿಟಾರ್ ವಾದನವನ್ನು ಕೂಡಿಸಿ, ಉಳಿದಿಬ್ಬರು 2023ರಲ್ಲಿ ಹೊರತಂದರು. ಯಾವುದು ಯಾರದೆಂದು ತಿಳಿಸಿದ್ದು ಸತ್ಯಕ್ಕೆ ಒಪ್ಪುತ್ತದೆ. ಆದರೆ 1960ರ ದಶಕದ ಬೇರೆ ಹಾಡುಗಳಿಂದ ತೆಗೆದ ದನಿಗಳನ್ನೂ ಇದರಲ್ಲಿ ಬೆರೆಸಿದ್ದಾರೆ. ಮೃತರು ಅವನ್ನು ಈ ಗೀತೆಗಾಗಿ ಹಾಡಿರಲಿಲ್ಲ. ಕೊಡದುದನ್ನು ಕೊಳ್ಳುವುದು ಅದತ್ತಾದಾನವೇ ಸರಿ.

ಸಮಾಧಿಸ್ಥ ಮುನಿಗಳ ಪ್ರವಚನಗಳ ಧ್ವನಿಮುದ್ರಣ ಹೊರತರುವ ಬಸದಿ ಟ್ರಸ್ಟುಗಳೂ ಇದನ್ನು ನೆನೆಯಬೇಕು.